ನೆಟ್ಟವರು ಬಹಳ, ಬೆಳೆಸಿದವರು ವಿರಳ

ಜೂನ್ ತಿಂಗಳು ಬಂತೆಂದರೆ ನಮ್ಮ ನಾಡಿನಲ್ಲಿ ಎಲ್ಲರಿಗೂ ವೃಕ್ಷಪ್ರೇಮ ಉಕ್ಕಿ ಬರುತ್ತದೆ. 5ನೆಯ ತಾರೀಖು ವಿಶ್ವ ಪರಿಸರ ದಿನ. ಅದರ ಬೆನ್ನಿಗೇ ಜುಲೈ ಮೊದಲ ವಾರದಲ್ಲಿ ವನಮಹೋತ್ಸವ. ಸಸಿ ಹಿಡಿದ ಕೈಗಳು, ಸಸಿಯನ್ನು ಬಿಟ್ಟು ಕ್ಯಾಮೆರಾವನ್ನು ನೋಡುತ್ತಿರುವ ಮುಖಗಳು, ಒಂದು ಬಾಂಡ್ಲಿ ಮಣ್ಣು, ಒಂದು ಚೊಂಬು ನೀರು, ಕೊನೆಗೊಂದು ಚಪ್ಪಾಳೆ. ಅಲ್ಲಿಗೆ ಪ್ರಕೃತಿಯ ಋಣ ಸಂದಾಯವಾಯಿತೆಂದು ಎಲ್ಲರೂ ಕೈ ತೊಳೆದುಕೊಂಡು ಉಪಾಹಾರಕ್ಕೆ ಹೋಗುತ್ತಾರೆ. ಓದುಗ ಮಿತ್ರರೇ, ಈ ಲೇಖನ ಆ ಚಪ್ಪಾಳೆಯ ವಿರುದ್ಧ ಬರೆದದ್ದು. ಗಿಡ ನೆಡುವುದನ್ನು ನಾನು ವಿರೋಧಿಸುತ್ತಿಲ್ಲ. ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದನ್ನು ವಿರೋಧಿಸುತ್ತಿದ್ದೇನೆ.

ನಮ್ಮ ಭಾಷೆಯಲ್ಲಿ ಎರಡು ಕ್ರಿಯಾಪದಗಳಿವೆ: ‘ನೆಡು’ ಮತ್ತು ‘ಬೇರೂರು’. ಮೊದಲನೆಯದು ಮನುಷ್ಯನ ಕೆಲಸ, ಎರಡನೆಯದು ಗಿಡದ ಕೆಲಸ. ನೆಡುವುದಕ್ಕೆ ಹತ್ತು ನಿಮಿಷ ಸಾಕು. ಬೇರೂರುವುದಕ್ಕೆ ಮೂರು ಬೇಸಿಗೆಗಳಾದರೂ ಬೇಕು. ಈ ಮೂರು ಬೇಸಿಗೆಗಳನ್ನು ಕೊಡಲು ನಾವು ಸಿದ್ಧರಿಲ್ಲ. ನಮ್ಮ ಮನೆಯಂಗಳದ ಗಿಡಗಳು ಸಾಯುವುದು ಬಹುಪಾಲು ನೀರಿನ ಅಭಾವದಿಂದಲ್ಲ, ಜಾಗದ ಅಭಾವದಿಂದಲೂ ಅಲ್ಲ, ನಮ್ಮ ಅವಸರದಿಂದ. ಇದು ನನ್ನ ವಾದ. ಇದನ್ನು ಒಂದೊಂದಾಗಿ ನಿರೂಪಿಸಲು ಅನುಮತಿ ಬೇಡುತ್ತೇನೆ.

ವನಮಹೋತ್ಸವವನ್ನು 1950ರಲ್ಲಿ ಆರಂಭಿಸಿದವರು ಆಗಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು. ಉದ್ದೇಶ ಉದಾತ್ತವಾಗಿತ್ತು. ಆದರೆ ಉತ್ಸವಕ್ಕೊಂದು ಸ್ವಭಾವದೋಷವಿದೆ: ಅದು ಒಂದು ದಿನಕ್ಕೆ ಮುಗಿಯುತ್ತದೆ. ನಾನು ಸೇವೆ ಸಲ್ಲಿಸಿದ ಶಾಲೆಯೊಂದರ ಆವರಣದಲ್ಲಿ ಪ್ರತಿ ವರ್ಷ ವನಮಹೋತ್ಸವ ತಪ್ಪದೆ ನಡೆಯುತ್ತಿತ್ತು. ಗುಂಡಿ ತೋಡುವ ಶ್ರಮ ಮಾತ್ರ ಇರುತ್ತಿರಲಿಲ್ಲ, ಏಕೆಂದರೆ ಹಿಂದಿನ ವರ್ಷದ ಗುಂಡಿ ಖಾಲಿಯೇ ಇರುತ್ತಿತ್ತು. ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬ, ‘ಸಾರ್, ಈ ವರ್ಷವೂ ಇದೇ ಗುಂಡಿಯೇ?’ ಎಂದು ಕೇಳಿ ಮುಖ್ಯೋಪಾಧ್ಯಾಯರಿಂದ ಬೈಸಿಕೊಂಡ. ಆ ದಿನ ಆ ಆವರಣದಲ್ಲಿ ಆಡಲಾದ ಮಾತುಗಳಲ್ಲಿ ನಿಜವಾದ ಪರಿಸರ ಕಾಳಜಿ ಇದ್ದದ್ದು ಆ ಒಂದು ಪ್ರಶ್ನೆಯಲ್ಲಿ.

‘ಹತ್ತು ನೆಟ್ಟರೆ ಎರಡಾದರೂ ಉಳಿಯುತ್ತವೆ, ಅಷ್ಟೇ ಲಾಭ’ ಎಂದು ವಾದಿಸುವವರಿದ್ದಾರೆ. ಆಲದ ಮರ ಲಕ್ಷ ಬೀಜ ಉದುರಿಸಿ ಒಂದು ಗಿಡ ಬೆಳೆಸುತ್ತದೆ, ನಿಜ. ಆದರೆ ಅದು ಬೀಜದ ಲೆಕ್ಕ. ನರ್ಸರಿಯಲ್ಲಿ ಯಾರೋ ತಿಂಗಳುಗಟ್ಟಲೆ ನೀರು ಹಾಕಿ, ನೆರಳು ಕೊಟ್ಟು ಬೆಳೆಸಿದ ಸಸಿ ಬೀಜವಲ್ಲ. ಅದರಲ್ಲಿ ಒಬ್ಬ ಕೂಲಿಕಾರನ ಬೆವರಿದೆ. ಹತ್ತು ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡು, ಎಂಟು ಮಂದಿ ಅರ್ಧಕ್ಕೆ ಬಿಟ್ಟುಹೋದರೂ ಇಬ್ಬರು ಪಾಸಾದರಲ್ಲ ಎಂದು ಹಿಗ್ಗುವ ಶಾಲೆಯನ್ನು ನೀವು ಒಳ್ಳೆಯ ಶಾಲೆ ಎನ್ನುತ್ತೀರಾ?

ಸಾರ್ವಜನಿಕ ಜಾಗದ ಮಾತು ಬಿಡಿ. ಅಲ್ಲಿ ಮೇಕೆ ತಿನ್ನುತ್ತದೆ, ಅಧಿಕಾರಿಗೆ ವರ್ಗವಾಗುತ್ತದೆ, ಅನುದಾನ ನಿಲ್ಲುತ್ತದೆ, ನೂರು ನೆಪಗಳಿವೆ. ನಮ್ಮ ಮನೆಯ ಅಂಗಳಕ್ಕೆ ಆ ಯಾವ ನೆಪವೂ ಇಲ್ಲ. ಕಾಂಪೌಂಡಿದೆ, ಗೇಟಿದೆ, ನಲ್ಲಿಯಿದೆ, ದಿನವೂ ನೋಡುವ ಕಣ್ಣುಗಳಿವೆ. ಆದರೂ ಗೃಹಪ್ರವೇಶದ ದಿನ ನೆಟ್ಟ ಮಾವು ಎರಡನೆಯ ಯುಗಾದಿಗೆ ಒಣಕಡ್ಡಿಯಾಗುತ್ತದೆ. ‘ನಮ್ಮ ಕೈಗುಣ ಸರಿಯಿಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೈಗುಣ ಎಂಬುದೊಂದಿಲ್ಲ. ಅದು ಬುಡ ನೋಡುವ ಕಣ್ಣಿನ ಗುಣ.

ಅವಸರ ಮೊದಲು ಕಾಣಿಸಿಕೊಳ್ಳುವುದು ನರ್ಸರಿಯ ಬಾಗಿಲಲ್ಲಿ. ಕೊಳ್ಳುವವರು ಮೊದಲು ನೋಡುವುದು ಗಿಡದ ಎತ್ತರವನ್ನು. ಆಳೆತ್ತರದ, ಆಗಲೇ ಹೂ ಬಿಟ್ಟ ಸಸಿಗೆ ದುಡ್ಡು ಹೆಚ್ಚು, ಗೌರವವೂ ಹೆಚ್ಚು. ಆದರೆ ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರ್ಷ ಕಳೆದ ಗಿಡದ ಬೇರು ಏನು ಮಾಡಿರುತ್ತದೆ ಎಂದು ಯೋಚಿಸಿದ್ದೀರಾ? ಹೋಗಲು ದಾರಿಯಿಲ್ಲದೆ ಗಡಿಯಾರದ ಸ್ಪ್ರಿಂಗಿನಂತೆ ತನ್ನ ಸುತ್ತ ತಾನೇ ಸುತ್ತಿಕೊಂಡಿರುತ್ತದೆ. ಅದನ್ನು ಹಾಗೆಯೇ ಮಣ್ಣಿಗಿಟ್ಟರೆ ಸುತ್ತುವ ಚಾಳಿ ಬಿಡುವುದಿಲ್ಲ. ಗಿಡ ಕೆಲವು ವರ್ಷ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ಬುಡ ದಪ್ಪವಾದಂತೆ ತನ್ನ ಬೇರೇ ತನಗೆ ಉರುಲಾಗುತ್ತದೆ. ಇಲ್ಲವೇ ಒಂದು ಬಿರುಗಾಳಿಗೆ ಬುಡಸಮೇತ ಉರುಳುತ್ತದೆ. ಉರುಳಿದ ಮೇಲೆ ನೋಡಿದರೆ ಬೇರಿನ ಮುದ್ದೆ ಇನ್ನೂ ಆ ಹಳೆಯ ಚೀಲದ ಆಕಾರದಲ್ಲೇ ಇರುತ್ತದೆ. ಅಂಕಗಳನ್ನೇ ನೋಡಿ ವಿದ್ಯಾರ್ಥಿಯನ್ನು ಅಳೆಯುವಂತೆ, ಎತ್ತರವನ್ನೇ ನೋಡಿ ಸಸಿಯನ್ನು ಅಳೆದದ್ದರ ಫಲವಿದು.

ಆದ್ದರಿಂದ ಗಿಡ್ಡ ಸಸಿಯನ್ನೇ ತನ್ನಿ. ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೆ ಸಾಕು. ಅದು ಹೊಸ ಮಣ್ಣಿಗೆ ಬೇಗ ಹೊಂದಿಕೊಂಡು, ಅಲುಗದೆ ನಿಂತ ಆಳೆತ್ತರದ ಗಿಡವನ್ನು ಕೆಲವೇ ವರ್ಷಗಳಲ್ಲಿ ಹಿಂದೆ ಹಾಕುವುದೇ ಹೆಚ್ಚು. ನೆಡುವ ಮುನ್ನ ಚೀಲವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ‘ಹೇಗೂ ಹರಿದುಹೋಗುತ್ತದೆ’ ಎಂದು ಚೀಲಸಮೇತ ಹೂಳುವವರನ್ನು ಕಣ್ಣಾರೆ ಕಂಡಿದ್ದೇನೆ. ಆ ಪ್ಲಾಸ್ಟಿಕ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹರಿಯುವುದಿಲ್ಲ. ಮುದ್ದೆಯ ಹೊರಸುತ್ತಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹೊರಮುಖವಾಗಿ ಹರಡಿ. ಬಿಡಿಸಲಾಗದೆ ಸುತ್ತಿಕೊಂಡ ಬೇರನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ. ಬೇರು ಕತ್ತರಿಸಲು ಕೈ ನಡುಗುವುದು ಸಹಜ. ಆದರೆ ಇಂದಿನ ಸಣ್ಣ ಗಾಯ ಮುಂದಿನ ಉರುಲನ್ನು ತಪ್ಪಿಸುತ್ತದೆ.

ಎರಡನೆಯ ಅವಸರ ಗುಂಡಿಯದು. ನಮ್ಮ ತುಮಕೂರು ಸೀಮೆಯಂಥ ಕೆಂಪು ನೆಲದಲ್ಲಿ ಒಂದಡಿ ಕೆಳಗೆ ಹೋದರೆ ಹಾರೆಗೂ ಜಗ್ಗದ ಗರಸು ಸಿಗುವುದುಂಟು. ಬಡಾವಣೆಯ ನಿವೇಶನಗಳಲ್ಲಂತೂ ಮೇಲ್ಮಣ್ಣೇ ಇರುವುದಿಲ್ಲ. ಮನೆ ಕಟ್ಟುವಾಗ ಉಳಿದ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಹೆಂಟೆಗಳೇ ಅಲ್ಲಿಯ ಮಣ್ಣು. ಅಂಥಲ್ಲಿ ಹೂಕುಂಡದಷ್ಟು ಗುಂಡಿ ತೋಡಿ ಗಿಡವನ್ನು ಸಿಕ್ಕಿಸುವುದೆಂದರೆ ಅದಕ್ಕೆ ನೆಲದೊಳಗೇ ಇನ್ನೊಂದು ಚೀಲ ಹೊಲಿದು ಕೊಟ್ಟಂತೆ. ಗುಂಡಿ ಅಗಲವಾಗಿರಬೇಕು, ಬೇರಿನ ಮುದ್ದೆಯ ಎರಡರಿಂದ ಮೂರು ಪಟ್ಟು ಅಗಲ. ಏಕೆಂದರೆ ನೀರು, ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿಯೊಳಗೇ ಇದ್ದು, ಅಡ್ಡಡ್ಡಲಾಗಿ ಕೊಂಬೆಗಳ ನೆರಳನ್ನೂ ದಾಟಿ ಹರಡುತ್ತವೆ. ಮರದ ಬೇರೆಂದರೆ ಮೇಲಿನ ಮರವನ್ನು ತಲೆಕೆಳಗು ಮಾಡಿದಂತೆ ಎಂದು ಪಠ್ಯಪುಸ್ತಕದ ಚಿತ್ರಗಳು ಮೂಡಿಸಿದ ಕಲ್ಪನೆ ಸರಿಯಲ್ಲ.

ಮಾವು, ಸಪೋಟಕ್ಕೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯುವುದು ನಮ್ಮ ತೋಟಗಾರಿಕೆಯ ರೂಢಿ. ಗಟ್ಟಿ ನೆಲದಲ್ಲಿ ಅದು ಒಳ್ಳೆಯದೇ. ಆದರೆ ಅದನ್ನು ಬೇಸಿಗೆಯಲ್ಲೇ ತೆಗೆದು, ಬಿಸಿಲಿಗೆ ಒಣಗಲು ಬಿಟ್ಟು, ಮೇಲ್ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಒಂದೆರಡು ಮಳೆಗೆ ಮಣ್ಣು ಕುಸಿದು ಕೂತ ಮೇಲೆ ಗಿಡ ನೆಡುವುದು ಆ ರೂಢಿಯ ಉಳಿದರ್ಧ. ಈ ಅರ್ಧವನ್ನು ನಾವು ಮರೆತಿದ್ದೇವೆ. ಬೆಳಗ್ಗೆ ಗುಂಡಿ, ಮಧ್ಯಾಹ್ನ ಗಿಡ! ಮೊದಲ ಜೋರು ಮಳೆಗೆ ಸಡಿಲ ಮಣ್ಣು ಕುಸಿಯುತ್ತದೆ, ಅದರೊಡನೆ ಗಿಡವೂ ಇಳಿಯುತ್ತದೆ, ಬುಡ ಮಣ್ಣಿನಲ್ಲಿ ಹೂತುಹೋಗುತ್ತದೆ. ಕಾಂಡದ ತೊಗಟೆ ಗಾಳಿಗಾಗಿ ಹುಟ್ಟಿದ್ದು. ಸದಾ ಒದ್ದೆ ಮಣ್ಣಿನಲ್ಲಿದ್ದರೆ ಕೊಳೆಯುತ್ತದೆ. ಕಾಂಡ ಮುಗಿದು ಬೇರು ಕವಲೊಡೆಯುವ ಜಾಗ ನೆಲದ ಮಟ್ಟದಲ್ಲೇ ಕಾಣುತ್ತಿರಬೇಕು. ಕಸಿ ಗಿಡವಾದರೆ ಕಸಿಯ ಗಂಟು ನೆಲದಿಂದ ಗೇಣುದ್ದವಾದರೂ ಮೇಲಿರಬೇಕು. ತೆಂಗು ಮಾತ್ರ ಇದಕ್ಕೆ ಅಪವಾದ. ಅದಕ್ಕೆ ತಾಯಿಬೇರಿಲ್ಲ, ಕಾಂಡದ ಬುಡದಿಂದಲೇ ಹೊಸ ಬೇರುಗಳು ಹೊರಡುತ್ತವೆ. ಆದ್ದರಿಂದ ತೆಂಗಿನ ಸಸಿಯನ್ನು ಗುಂಡಿಯೊಳಗೇ ಆಳದಲ್ಲಿಟ್ಟು, ಬೆಳೆದಂತೆ ಮಣ್ಣು ತುಂಬುತ್ತಾರೆ. ತೆಂಗಿಗೆ ಮಾಡಿದ್ದನ್ನು ಮಾವಿಗೂ ಮಾಡಿದವರ ಅಂಗಳದಲ್ಲಿ ತೆಂಗು ಮಾತ್ರ ಉಳಿದಿರುತ್ತದೆ.

ಗೊಬ್ಬರದಲ್ಲೂ ಇದೇ ಆತುರ. ಹಸಿ ಸಗಣಿ ಹಾಕಿದರೆ ಗೆದ್ದಲಿಗೂ ಗೊಣ್ಣೆಹುಳಕ್ಕೂ ಆಹ್ವಾನ ಕೊಟ್ಟಂತೆ. ಬೇಗ ಬೆಳೆಯಲೆಂದು ನೆಟ್ಟ ವಾರದಲ್ಲೇ ಯೂರಿಯಾ ಸುರಿಯುವುದು ಆಗ ತಾನೇ ಹುಟ್ಟಿದ ಮಗುವಿಗೆ ಹೋಳಿಗೆ ತಿನ್ನಿಸಿದಂತೆ. ಎಳೆಯ ಬೇರು ಸುಟ್ಟುಹೋಗುತ್ತದೆ. ಮೊದಲ ಮಳೆಗಾಲದಲ್ಲಿ ಗಿಡಕ್ಕೆ ಕಳಿತ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಸಾಕು.

ಇನ್ನು ಊರುಗೋಲು. ಗಿಡ ಬೀಳದಿರಲೆಂದು ಕೋಲು ನೆಟ್ಟು ಕತ್ತಿನವರೆಗೆ ಬಿಗಿಯಾಗಿ ಕಟ್ಟುತ್ತಾರೆ, ಅದೂ ತಂತಿಯಲ್ಲಿ. ಗಾಳಿಗೆ ತುಸು ಅಲುಗಾಡಿದಾಗಲೇ ಕಾಂಡ ದಪ್ಪವಾಗುವುದು, ಬೇರು ಹಿಡಿತ ಬಿಗಿ ಮಾಡುವುದು. ಅಲುಗಲು ಬಿಡದೆ ಕಟ್ಟಿದ ಗಿಡ ಕೋಲು ತೆಗೆದ ದಿನವೇ ತಲೆ ಬಾಗಿಸುತ್ತದೆ. ಟ್ಯೂಷನ್ನಿನ ಆಸರೆಯಲ್ಲೇ ಬೆಳೆದ ಎಷ್ಟೋ ಮಕ್ಕಳು ಪಿಯುಸಿಗೆ ಹೋದೊಡನೆ ತಲೆ ಬಾಗಿಸಿದ್ದನ್ನು ನೋಡಿದ ನನಗೆ ಇದು ಆಶ್ಚರ್ಯವಲ್ಲ. ಕೋಲು ಬೇಕಿದ್ದರೆ ಗಿಡದ ಅರ್ಧದೆತ್ತರಕ್ಕಿಂತ ಕೆಳಗೆ, ಹಳೆ ಬಟ್ಟೆಯಲ್ಲೋ ಸೆಣಬಿನ ಹುರಿಯಲ್ಲೋ ಸಡಿಲವಾಗಿ ಕಟ್ಟಿ, ವರ್ಷದೊಳಗೆ ಬಿಚ್ಚಿಬಿಡಿ.

ನೀರಿನ ವಿಷಯಕ್ಕೆ ಬಂದರೆ ನಮ್ಮ ಬಡಾವಣೆಗಳ ಸಂಜೆಯ ದೃಶ್ಯ ಎಲ್ಲರಿಗೂ ಗೊತ್ತು. ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಮೊಬೈಲು. ಎಲೆಗಳಿಗೆ ಸ್ನಾನವಾಗುತ್ತದೆ, ಮಣ್ಣಿನ ಮೇಲ್ಪದರ ಒದ್ದೆಯಾಗುತ್ತದೆ, ಮನಸ್ಸಿಗೆ ತೃಪ್ತಿಯಾಗುತ್ತದೆ. ಬೇರಿಗೆ ಮಾತ್ರ ಏನೂ ಆಗುವುದಿಲ್ಲ. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಆ ಒಂದಂಗುಲ ತೇವವನ್ನೇ ಹುಡುಕಿಕೊಂಡು ಮೇಲೇ ಉಳಿಯುತ್ತದೆ. ಮನೆಯವರು ಬೇಸಿಗೆ ರಜೆಯಲ್ಲಿ ಹತ್ತು ದಿನ ಊರಿಗೆ ಹೋದರೆ ಗಿಡವೂ ಹೋಗುತ್ತದೆ. ಗಿಡದ ಸುತ್ತ ಪಾತಿ ಮಾಡಿ, ನಿಧಾನವಾಗಿ ಇಂಗುವಂತೆ, ಒಂದಡಿ ಆಳದವರೆಗೆ ಹೋಗುವಂತೆ ನೀರುಣಿಸಿ, ಅನಂತರ ಮೇಲ್ಮಣ್ಣು ಒಣಗಲು ಬಿಡಬೇಕು. ಆಗ ಬೇರು ಇಳಿದ ನೀರಿನ ಹಿಂದೆಯೇ ಕೆಳಗಿಳಿಯುತ್ತದೆ.

ನಮ್ಮ ಕೆಂಪು ಮಣ್ಣಿಗೆ ನಾನು ಅನುಸರಿಸುವ ಲೆಕ್ಕ ಹೀಗಿದೆ. ನೆಟ್ಟ ಮೊದಲ ಎರಡು ವಾರ, ಮಳೆಯಿಲ್ಲದಿದ್ದರೆ, ದಿನ ಬಿಟ್ಟು ದಿನ 8ರಿಂದ 10 ಲೀಟರ್. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ, ಪ್ರತಿ ಸಲ ಒಂದು ಬಿಂದಿಗೆಗೆ ಕಡಿಮೆಯಿಲ್ಲದಂತೆ. ಎರಡನೆಯ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಎರಡು ಬಿಂದಿಗೆ, ಪಾತಿಯನ್ನು ಒಂದಡಿ ಹೊರಕ್ಕೆ ಸರಿಸಿ. ಮೂರನೆಯ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಪಾತಿ ಇನ್ನೂ ಹೊರಗೆ. ಎರೆಮಣ್ಣಿನವರು ಅಂತರವನ್ನು ಹೆಚ್ಚಿಸಬೇಕು; ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಕೊಳೆಯುವ ಅಪಾಯವೂ ಅಲ್ಲಿ ಹೆಚ್ಚು. ನಾಲ್ಕನೆಯ ಬೇಸಿಗೆಗೆ ಹೊಂಗೆ, ಬೇವು, ನೆಲ್ಲಿಯಂಥ ಮರಗಳು ನಿಮ್ಮ ಬಿಂದಿಗೆಯನ್ನು ಕೇಳುವುದಿಲ್ಲ. ಮರ ಸ್ವಾವಲಂಬಿಯಾದ ಆ ದಿನವೇ ನಿಜವಾದ ವನಮಹೋತ್ಸವ. ಅಂದು ಫೋಟೋ ತೆಗೆಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಅಂಗಳವನ್ನು ದಿನವೂ ಗುಡಿಸಿ ನುಣ್ಣಗೆ ಮಾಡಿ, ಬಿದ್ದ ಎಲೆಗಳನ್ನು ಗೇಟಿನ ಮುಂದೆ ಸುಡುವ ಪದ್ಧತಿಯೂ ಒಂದುಂಟು. ಮರ ತನ್ನ ಬುಡಕ್ಕೆ ತಾನೇ ಹೊದಿಸಿಕೊಳ್ಳುವ ಕಂಬಳಿ ಆ ತರಗೆಲೆ. ಅದನ್ನು ಕಿತ್ತು ಸುಟ್ಟು, ಹೊಗೆ ಕುಡಿದು, ಆಮೇಲೆ ಅಂಗಡಿಯಿಂದ ಚೀಲದಲ್ಲಿ ಎರೆಹುಳು ಗೊಬ್ಬರ ಕೊಂಡು ತರುವ ಬುದ್ಧಿವಂತಿಕೆಯನ್ನು ಏನೆಂದು ಕರೆಯಲಿ? ಮೂರು ನಾಲ್ಕು ಅಂಗುಲ ದಪ್ಪಕ್ಕೆ ತರಗು ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ಬಿಸಿಲಿನ ಝಳ ತಪ್ಪುತ್ತದೆ, ಕಳೆ ಏಳುವುದಿಲ್ಲ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟರಾಯಿತು. ಎಲೆಯನ್ನು ‘ಕಸ’ ಎಂದು ಕರೆಯುವುದನ್ನು ನಿಲ್ಲಿಸಿದರೆ ಅರ್ಧ ತೋಟಗಾರಿಕೆ ಕಲಿತಂತೆ.

ಈಗ ಮುಖ್ಯ ಆರೋಪಿಯ ಬಳಿಗೆ ಬರುತ್ತೇನೆ: ಸಿಮೆಂಟು. ನಾನು ಪ್ರೌಢಶಾಲೆಯಲ್ಲಿ ದಶಕಗಳ ಕಾಲ ವಿಜ್ಞಾನ ಕಲಿಸಿದವನು. ಬೇರುಗಳೂ ಉಸಿರಾಡುತ್ತವೆ, ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಆಮ್ಲಜನಕವನ್ನು ಪಡೆಯುತ್ತವೆ ಎಂದು ಬರೆದು ಎರಡಕ್ಕೆ ಎರಡು ಅಂಕ ಗಳಿಸಿದ ವಿದ್ಯಾರ್ಥಿಗಳು ಇಂದು ಎಂಜಿನಿಯರುಗಳಾಗಿದ್ದಾರೆ, ಗುತ್ತಿಗೆದಾರರಾಗಿದ್ದಾರೆ, ಸ್ವಂತ ಮನೆ ಕಟ್ಟಿಸಿದ್ದಾರೆ. ಅವರ ಅಂಗಳಗಳಲ್ಲಿ ಗೇಟಿನಿಂದ ಹಿತ್ತಿಲವರೆಗೆ ಕಾಂಕ್ರೀಟು, ಅದರ ಮೇಲೆ ಟೈಲ್ಸು. ನಡುವೆ ಒಂದಡಿ ಚೌಕದ ಕಿಂಡಿ, ಕಿಂಡಿಯಿಂದ ಕತ್ತು ಚಾಚಿದ ಒಂದು ಗಿಡ. ಮಳೆನೀರು ಒಳಗಿಳಿಯದು, ಗಾಳಿ ಆಡದು, ಬಿಸಿಲಿಗೆ ಕಾದ ಕಲ್ಲು ಸಂಜೆ ಕಳೆದರೂ ಆರದು. ‘ಸಾರ್, ಗಿಡ ಯಾಕೋ ಏಳುತ್ತಲೇ ಇಲ್ಲ’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಬರೆದದ್ದು ಪರೀಕ್ಷೆಗಷ್ಟೇ ಆಯಿತು! ವಾಹನ ನಿಲ್ಲುವ ಜಾಗ, ಓಡಾಡುವ ದಾರಿ, ಇವೆರಡಕ್ಕೆ ಕಲ್ಲು ಹಾಸಿ, ಬೇಡವೆಂದವರಾರು? ಉಳಿದದ್ದನ್ನು ಮಣ್ಣಾಗಿ ಬಿಡಿ. ‘ಮಳೆಗಾಲದಲ್ಲಿ ಕೆಸರಾಗುತ್ತದೆ’ ಎಂಬುದಕ್ಕೆ ತರಗೆಲೆ, ನೆಲಹಬ್ಬುವ ಗಿಡಗಳು ಉತ್ತರ. ಹತ್ತು ಚೀಲ ಸಿಮೆಂಟು ಉತ್ತರವಲ್ಲ.

‘ಮರದ ಬೇರು ಅಡಿಪಾಯ ಒಡೆಯುತ್ತದೆ’ ಎಂಬುದು ಎಲ್ಲರ ಬತ್ತಳಿಕೆಯ ಬ್ರಹ್ಮಾಸ್ತ್ರ. ಇದರಲ್ಲಿ ಒಂದು ಪಾಲು ಸತ್ಯವಿದೆ, ಅದನ್ನು ಒಪ್ಪೋಣ. ಆಲ, ಅರಳಿ, ಅತ್ತಿ, ಗೋಣಿಗಳ ಜಾತಿಯನ್ನು ಮನೆಯ ನಿವೇಶನದಲ್ಲಿ ನೆಡಲೇಬಾರದು. ಗೋಡೆಯ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಮೊಳೆತ ಅರಳಿಯನ್ನು ಎಳೆಯದಿದ್ದಾಗಲೇ ಕೀಳಬೇಕು. ಎರೆ ಭೂಮಿಯಲ್ಲಿ ದೊಡ್ಡ ಮರ ಗೋಡೆಗೆ ಹತ್ತಿರವಿದ್ದರೆ, ಅದು ನೀರು ಹೀರಿದಾಗ ಮಣ್ಣು ಕುಗ್ಗಿ ಬಿರುಕು ಬಿಡಬಹುದು. ಆದರೆ ಬೇರು ಗಟ್ಟಿ ಗೋಡೆಯನ್ನು ಕೊರೆಯುವ ಯಂತ್ರವಲ್ಲ. ಅದು ತೇವವನ್ನು ಅರಸುತ್ತದೆ. ಚರಂಡಿಯ ಪೈಪಿನೊಳಗೆ ಬೇರು ಹೊಕ್ಕಿದ್ದರೆ, ಬಹುಮಟ್ಟಿಗೆ ಆ ಪೈಪು ಮೊದಲೇ ಸೋರುತ್ತಿತ್ತೆಂದೇ ಅರ್ಥ. ಪೊದೆಗಿಡಗಳಿಗೆ ಗೋಡೆಯಿಂದ ಮೂರಡಿ, ಸಣ್ಣ ಮರಗಳಿಗೆ ಎಂಟು ಹತ್ತು ಅಡಿ, ಮಾವು ಹಲಸು ಹೊಂಗೆಗಳಿಗೆ ಹದಿನೈದಕ್ಕೂ ಹೆಚ್ಚು ಅಡಿ ಬಿಟ್ಟರೆ ಭಯಕ್ಕೆ ಕಾರಣವಿಲ್ಲ.

‘ನಮ್ಮದು ಮೂವತ್ತು ನಲವತ್ತರ ಸೈಟು, ಹದಿನೈದಡಿ ಎಲ್ಲಿಂದ ತರುವುದು?’ ಸರಿಯಾದ ಪ್ರಶ್ನೆ. ಮರಕ್ಕೆ ಜಾಗವಿಲ್ಲದಿದ್ದರೆ ಪೊದೆಗಿಡಗಳಿಗೆ ಇದೆ. ಅವನ್ನು ಕೀಳೆಂದು ತಿಳಿಯಬೇಡಿ. ಬಿಸಿಲು ಬೀಳುವ ಮೂಲೆಯಲ್ಲಿ ದಾಸವಾಳ, ನಂದಬಟ್ಟಲು, ಕೇಪಳ. ಅಡುಗೆಮನೆಯ ಹಿಂದೆ ಕರಿಬೇವು, ನಿಂಬೆ. ಸ್ವಲ್ಪ ಹೆಚ್ಚು ಜಾಗವಿದ್ದರೆ ಪಾರಿಜಾತ, ಸೀಬೆ. ಬೇಲಿಗೆ ಲಕ್ಕಿ ಅಥವಾ ಆಡುಸೋಗೆ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೆ ಅಪವಾದವೆಂದು ಹೇಳುವುದು ಈ ಆಡುಸೋಗೆಯನ್ನೇ. ಲಕ್ಕಿ, ಆಡುಸೋಗೆ, ದಾಸವಾಳಗಳನ್ನು ಮಳೆಗಾಲದಲ್ಲಿ ಬಲಿತ ಕಡ್ಡಿ ಊರಿಯೇ ಎಬ್ಬಿಸಬಹುದು, ದುಡ್ಡೂ ಬೇಡ. ಅಗಲದ ಗುಂಡಿ, ಪಾತಿ, ತರಗಿನ ಹೊದಿಕೆ, ಈ ಮೂರೂ ಪೊದೆಗೂ ಅಷ್ಟೇ ಅಗತ್ಯ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಮಾತನ್ನು ಮಕ್ಕಳಿಗೆ ಹೇಳುವಷ್ಟು ಸಲ ಗಿಡಗಳಿಗೂ ಅನ್ವಯಿಸಿದರೆ ಚೆನ್ನು: ಅಡ್ಡಾದಿಡ್ಡಿ ಕವಲುಗಳನ್ನು ಬೆರಳು ಗಾತ್ರದಲ್ಲಿರುವಾಗಲೇ ಸವರಿದರೆ, ಮುಂದೆ ಕೊಡಲಿ ಹಿಡಿದು ಹತ್ತುವ ಪ್ರಸಂಗ ಬರುವುದಿಲ್ಲ.

ಜಾತಿಯ ಆಯ್ಕೆಯಲ್ಲೂ ಅವಸರದ್ದೇ ರಾಜ್ಯ. ಬೇಗ ಬೆಳೆದು ಹಸಿರು ಗೋಡೆಯಾಗುತ್ತದೆಂದು ಕೊನೊಕಾರ್ಪಸ್ ಎಂಬ ಪರದೇಶಿ ಗಿಡವನ್ನು ರಸ್ತೆಯುದ್ದಕ್ಕೂ, ಕಾಂಪೌಂಡಿನುದ್ದಕ್ಕೂ ನೆಟ್ಟರು. ಅದರ ದುಷ್ಪರಿಣಾಮಗಳನ್ನು ಕಂಡು ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಕಂಬದಂತೆ ನೆಟ್ಟಗೆ ಏರುವ, ನಾವು ‘ಅಶೋಕ’ ಎಂದು ಕರೆಯುವ ಮರವಂತೂ ಅಶೋಕವೇ ಅಲ್ಲ. ಸೀತೆಯ ಕಥೆಯೊಡನೆ ನೆನೆಯುವ ಅಶೋಕ ಕಿತ್ತಳೆಗೆಂಪು ಗೊಂಚಲು ಬಿಡುವ, ನಿಧಾನವಾಗಿ ಬೆಳೆಯುವ ಬೇರೆಯದೇ ಮರ. ನಿಧಾನವಾಗಿ ಬೆಳೆಯುವುದು ಅದರ ಅಪರಾಧವಾಯಿತು. ಹೆಸರನ್ನೂ ಕಿತ್ತು ಅವಸರದವನಿಗೆ ಕೊಟ್ಟೆವು.

ಹಣ್ಣಿನ ಅವಸರ ಇನ್ನೊಂದು. ಕಸಿ ಮಾವು ನೆಟ್ಟ ಮರುವರ್ಷವೇ ಹೂ ಬಿಡುತ್ತದೆ; ಮನೆಯವರಿಗೆ ಸಂಭ್ರಮವೋ ಸಂಭ್ರಮ. ಆದರೆ ಸೊಂಟದೆತ್ತರದ ಗಿಡ ಕಾಯಿ ಹೊತ್ತರೆ ಬೇರಿಗೆ, ರೆಂಬೆಗೆ ಹೋಗಬೇಕಾದ ಸತ್ವವೆಲ್ಲ ಆ ನಾಲ್ಕು ಕಾಯಿಗೆ ಹೋಗುತ್ತದೆ. ಮೊದಲ ಮೂರು ವರ್ಷ ಹೂವಿನ ಗೊಂಚಲನ್ನು ಚಿವುಟಬೇಕು. ಕಸಿಯ ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಗಂಟು ಕೂಡಿದ ಮೇಲೆ ಬಿಚ್ಚಬೇಕು, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದು ಒಳಗಿಳಿದು ಕತ್ತು ಹಿಸುಕುತ್ತದೆ. ಗಂಟಿನ ಕೆಳಗಿನಿಂದ ಚಿಗುರುವುದನ್ನೆಲ್ಲ ಮುರಿಯಬೇಕು, ಇಲ್ಲದಿದ್ದರೆ ತಂದ ಬಾದಾಮಿ ಮಾವು ಸೊರಗಿ, ಬುಡದ ನಾಟಿ ಗಿಡ ಮೆರೆಯುತ್ತದೆ.

ಕೊನೆಯ ಆಕ್ಷೇಪ, ನೀರು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ‘ಕುಡಿಯಲಿಕ್ಕೇ ಇಲ್ಲ, ಗಿಡಕ್ಕೆಲ್ಲಿ?’ ಎಂದು ಹಲವರು ಕೇಳಿದರು. ಆ ಬೇಸಿಗೆ ನನ್ನ ವಾದವನ್ನೇ ಸಮರ್ಥಿಸಿತು. ಬೇರೂರಿದ ಮರಕ್ಕೆ ಆ ಆದೇಶದಿಂದ ಏನೂ ಆಗಬೇಕಾಗಿರಲಿಲ್ಲ. ಕಷ್ಟ ಬಂದದ್ದು ಹುಲ್ಲುಹಾಸಿಗೆ, ಕುಂಡಗಳಿಗೆ, ಚಿಮುಕಿಸಿ ಅಭ್ಯಾಸ ಮಾಡಿಸಿದ ಗಿಡಗಳಿಗೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ಮನೆಯಲ್ಲಿ ದಿನಕ್ಕೆ ಒಂದು ಬಕೆಟ್ಟಿಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಎರಡು ಎಳೆಯ ಮರಗಳನ್ನು ಸುಖವಾಗಿ ಸಾಕಬಹುದು.

ಇಷ್ಟೆಲ್ಲ ಶಾಸ್ತ್ರ ಸಾಮಾನ್ಯರಿಗೆ ಸಾಧ್ಯವೇ ಎನ್ನುವವರಿಗೆ ಒಬ್ಬರ ಹೆಸರು ಹೇಳುತ್ತೇನೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರ್ 14ರಂದು ತೀರಿಕೊಂಡಾಗ ನಾವೆಲ್ಲ ಅವರು ‘ನೆಟ್ಟ’ ಆಲದ ಮರಗಳನ್ನು ಎಣಿಸಿದೆವು. ಎಣಿಸಬೇಕಾದದ್ದು ಅವರು ಹೊತ್ತ ಬಿಂದಿಗೆಗಳನ್ನು. ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯನವರು ಹುಲಿಕಲ್–ಕುದೂರು ರಸ್ತೆಯಲ್ಲಿ ಮೊದಲ ವರ್ಷ ನೆಟ್ಟದ್ದು 10 ಸಸಿಗಳನ್ನು. ಎರಡನೆಯ ವರ್ಷ 15, ಮೂರನೆಯ ವರ್ಷ 20 ಎಂದು ಅವರ ಜೀವನವೃತ್ತಾಂತ ಹೇಳುತ್ತದೆ. ಮಳೆಗಾಲ ನೋಡಿ ನೆಟ್ಟರು, ಬಿಂದಿಗೆಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದರು, ದನಕರುಗಳಿಂದ ಕಾಯಲು ಮುಳ್ಳಿನ ಬೇಲಿ ಕಟ್ಟಿದರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಮೊದಲ ವರ್ಷವೇ ಸಾವಿರ ಸಸಿ ನೆಡಲಿಲ್ಲ ಎಂಬುದನ್ನು ಗಮನಿಸಿ. ಹೊರಬಲ್ಲ ನೀರಿಗೆ ತಕ್ಕಷ್ಟೇ ಸಸಿ. ಪದವಿಗಳನ್ನು ಹೊತ್ತ ನಮಗೆ ಈ ಸರಳ ಗಣಿತ ತಿಳಿಯದೆ ಹೋಯಿತು. 2019ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟೆವು. ಅವರ ಲೆಕ್ಕವನ್ನು ಮಾತ್ರ ಕಲಿಯಲಿಲ್ಲ.

2024ರ ಜೂನ್ 5ರಂದು ದೇಶದಲ್ಲಿ ‘ಏಕ್ ಪೇಡ್ ಮಾ ಕೇ ನಾಮ್’ ಎಂಬ ಅಭಿಯಾನ ಆರಂಭವಾಯಿತು. ತಾಯಿಯ ಹೆಸರಿನಲ್ಲಿ ಒಂದು ಮರ. ಸುಂದರವಾದ ಕಲ್ಪನೆ. ಆದರೆ ಹೆತ್ತ ತಾಯಿಯ ಹೆಸರಿಟ್ಟ ಗಿಡವನ್ನು ಮುಂದಿನ ಏಪ್ರಿಲ್‌ನಲ್ಲಿ ಒಣಗಲು ಬಿಟ್ಟರೆ ಅದು ಗೌರವವಲ್ಲ, ಅಪಚಾರ. ಹೆಸರಿಡುವ ಮುನ್ನ ನೀರೆಲ್ಲಿಂದ ಎಂದು ಯೋಚಿಸಿ.

ಆದ್ದರಿಂದ ಬರುವ ಮುಂಗಾರಿಗೆ ನನ್ನ ಬೇಡಿಕೆ ಬಹಳ ಸಣ್ಣದು. ಮೂರು ಬೇಸಿಗೆ ನೀರೆರೆಯಬಲ್ಲಷ್ಟೇ ಗಿಡ ನೆಡಿ, ಒಂದಾದರೆ ಒಂದೇ. ಗುಂಡಿಯನ್ನು ಈ ಬೇಸಿಗೆಯಲ್ಲೇ ತೋಡಿ. ಮೃಗಶಿರಾ, ಆರಿದ್ರಾ ಮಳೆಗೆ ನೆಲ ನೆನೆದ ಮೇಲೆ ನೆಡಿ. ನಮ್ಮ ಬಯಲುಸೀಮೆಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ನೆಟ್ಟರೂ ತಡವೇನಲ್ಲ, ಬೇಸಿಗೆಯ ಕಾವಲು ಮಾತ್ರ ಇನ್ನಷ್ಟು ಬಿಗಿಯಾಗಿರಲಿ. ನೆಟ್ಟ ದಿನ ಯಾರಿಗೂ ಹೇಳಬೇಡಿ, ಫೋಟೋ ಕಳುಹಿಸಬೇಡಿ. ನಾಲ್ಕನೆಯ ಯುಗಾದಿಗೆ ಅದು ಚಿಗುರಿದ್ದರೆ ಆಗ ನೆರೆಹೊರೆಯವರನ್ನು ಕರೆದು ತೋರಿಸಿ. ಗಿಡ ಸಾಯುವ ಮನೆಯವರು ಆಗ ‘ನಿಮ್ಮ ಕೈಗುಣ ಒಳ್ಳೆಯದು’ ಎನ್ನುತ್ತಾರೆ. ಅವರ ಕೈಗೊಂದು ಗುದ್ದಲಿ ಕೊಟ್ಟು, ಅವರ ಅಂಗಳದ ಟೈಲ್ಸ್ ಯಾವಾಗ ಕೀಳಿಸುತ್ತೀರಿ ಎಂದು ಕೇಳಿ.